ಮೀನು ಉಂಡ ಮೇಲೆ

ಮಡುವಿನ ಮೀನುಗಳಿಗೆ ಅನ್ನ ಹಾಕಿ, ಅವು ತಿಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಭಾಗೀರಥಮ್ಮ ಉಣ್ಣುವುದು. ಮದುವೆಯಾಗಿ ಬಂದಾಗಿನಿಂದ ಹಿಡಿದ ವ್ರತ. ಈ ಸಲ ಎಂದೂ ಕಾಣದ ಪುಷ್ಯದ ಚಳಿಗೆ ಐದು ದಿನದಿಂದ ಒಂದು ಮೀನೂ ಮೇಲೆ ಬಂದಿಲ್ಲ. ಅಜ್ಜಿ ಬರೀ ನೀರು ಕುಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಳೆ.

ವರ್ಷದಿಂದ ಇಲ್ಲಿನ ಮೀನುಗಳ ಅಧ್ಯಯನ ಮಾಡುತ್ತಿದ್ದ ಸಂಶೋಧಕ ಕ್ಯಾಮೆರಾವನ್ನು ನೀರಿಗೆ ಇಳಿಸಿ ಪರದೆ ನೋಡಿದ. ತಳದ ಕಲ್ಲುಗಳ ನಡುವೆ ಮೀನುಗಳು ಅಲುಗಾಡದೆ ನಿಂತಿದ್ದವು. ಅಗುಳು ಮೂತಿಯ ಮುಂದೆಯೇ ಬಿದ್ದರೂ ಬಾಯಿ ತೆರೆಯಲಿಲ್ಲ.

"ಇಷ್ಟು ಚಳಿಗೆ ಹೀಗೇ ಅಕ್ಕಾ. ಶಿವರಾತ್ರಿ ಕಳೆಯೋವರೆಗೂ ಸರಿಯಾಗಿ ತಿನ್ನಲ್ಲ," ಎಂದು ಪಕ್ಕದಲ್ಲಿದ್ದ ಅಜ್ಜಿಯ ಸೊಸೆಗೆ ಪಿಸುಗುಟ್ಟಿದ.

"ಅಲ್ಲೀವರೆಗೂ ನಮ್ಮತ್ತೆ ಉಳೀತಾರೇನಪ್ಪಾ? ಏನಾದ್ರೂ ಮಾಡು, ನಿನ್ನ ಕಾಲಿಗೆ ಬೀಳ್ತೀನಿ."

ಅವನು ಬೆನ್ನು ತಿರುಗಿಸಿ ಕುಳಿತು ಏನೇನೋ ಗುಂಡಿ ಒತ್ತಿದ. ಆಮೇಲೆ ಪರದೆಯನ್ನು ಅಜ್ಜಿಯ ಮುಂದೆ ಹಿಡಿದ.

"ನೋಡಿ ಅಜ್ಜೀ!"

ಮೀನುಗಳು ಅನ್ನಕ್ಕೆ ಮುಗಿಬಿದ್ದಿದ್ದವು.

"ಅಯ್ಯೋ, ನಮ್ಮ ಹರಕು ಬಾಲದವನು! ಬಕಾಸುರ, ಎಲ್ಲರನ್ನೂ ತಳ್ಕೊಂಡೇ ತಿಂತಾನೆ," ಎಂದು ಅಜ್ಜಿ ಕೈಮುಗಿದಳು. ಸೊಸೆ ಗಂಜಿ ಕುಡಿಸಿದಳು.

ಅಜ್ಜಿ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ, ಪರದೆಯ ಮೂಲೆಯಲ್ಲಿದ್ದ ಕಳೆದ ಬೇಸಿಗೆಯ ತಾರೀಖಿನ ಮೇಲಿಂದ ಅವನು ಹೆಬ್ಬೆರಳು ತೆಗೆದ.