ಹುಟ್ಟುಹಬ್ಬದ ಸಂಜೆ ಬಂದ ಫೋನು

ಚಿತ್ರಾ ಫ್ರಿಜ್ಜಿನಿಂದ ಕೇಕಿನ ಡಬ್ಬಿ ತೆಗೆದು ಮೇಜಿನ ಮೇಲಿಡುವಷ್ಟರಲ್ಲಿ ಫೋನು ಬಂತು. ಮಳವಳ್ಳಿಯ ಪಶು ಆಸ್ಪತ್ರೆಯಲ್ಲಿ ಅವಳು ಡಾಕ್ಟರು. ಜೊತೆಯ ಡಾಕ್ಟರು ಅಂದು ರಜೆಯಲ್ಲಿದ್ದರು. ಫೋನು ಮಾಡಿದವನು ಬೆಳಕವಾಡಿಯ ರೈತ ಮಹದೇವಯ್ಯ. ಅವನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು.

“ಮಧ್ಯಾನದಿಂದ ತಿಣುಕ್ತಾ ಅದೆ ಡಾಕ್ಟ್ರಮ್ಮ. ಕರದ್ ಒಂದ್ ಕಾಲು ಆಚ್ಗೆ ಬಂದದೆ, ಇನ್ನೇನೂ ಬತ್ತಾ ಇಲ್ಲ. ಅಸ ಉಳ್ಕೊಂಡ್ರೆ ಸಾಕು.”

ಫೋನಿಟ್ಟು ತಿರುಗಿದರೆ ಮಗಳು ದೀಪಿಕ ಹೊಸ ಗುಲಾಬಿ ಫ್ರಾಕು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅಂದಿಗೆ ಅವಳಿಗೆ ಒಂಬತ್ತು ತುಂಬಿತ್ತು. ಹೋದ ವರ್ಷ ಇದೇ ದಿನ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿಗಳಿಗೆ ಹೋಗಿದ್ದ ಚಿತ್ರಾ ಮನೆ ಸೇರುವ ಹೊತ್ತಿಗೆ ಮಗಳು ಅತ್ತು ಅತ್ತು ನಿದ್ದೆಹೋಗಿದ್ದಳು. ಈ ಸಲ ಹಾಗಾಗುವುದಿಲ್ಲ ಎಂದು ಚಿತ್ರಾ ಮಾತು ಕೊಟ್ಟಿದ್ದಳು. ಮಗಳ ಗೆಳತಿಯರು ಇನ್ನೇನು ಬರುವವರಿದ್ದರು. ಗಂಡ ಸುದರ್ಶನ್ ಮಂಡ್ಯದಿಂದ ಹೊರಟು ಬಸ್ಸಿನಲ್ಲಿದ್ದ. ಹೇಗೆ ಹೇಳುವುದೆಂದು ಚಿತ್ರಾ ತಡವರಿಸುತ್ತಿರುವಾಗಲೇ ದೀಪಿಕ ಚಪ್ಪಲಿ ಮೆಟ್ಟಿಕೊಂಡಳು.

“ನಾನೂ ಬರ್ತೀನಿ. ನಾನಿದ್ರೆ ನೀನು ಬೇಗ ವಾಪಸ್ ಬರ್ತೀಯ.”

ಚಿತ್ರಾ ಹೂಂ ಎಂದಳು. ಬಂದ ಮಕ್ಕಳನ್ನು ಆಟಕ್ಕೆ ಹಚ್ಚಿರಿ ಎಂದು ಅತ್ತೆ ಗೋದಮ್ಮನವರಿಗೆ ಹೇಳಿ, ಔಷಧದ ಚೀಲ ಹಿಡಿದು ಕಾರು ಹತ್ತಿದಳು. ದಾರಿಯುದ್ದಕ್ಕೂ ದೀಪಿಕ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಕೊಟ್ಟಿಗೆಯಲ್ಲಿ ಹಸು ಕತ್ತು ಚಾಚಿ ಮಲಗಿತ್ತು. ಮಹದೇವಯ್ಯನ ಹೆಂಡತಿ ಚಲುವಮ್ಮ ಪಕ್ಕದಲ್ಲಿ ಕೂತು ಅದರ ಕತ್ತಿನಡಿಯ ಗಂಗೆದೊಗಲು ನೀವುತ್ತಿದ್ದಳು. ಚಿತ್ರಾ ತೋಳಿಗೆ ಸೋಪು ಬಳಿದುಕೊಂಡು ಒಳಗೆ ಕೈ ಹಾಕಿದಳು. ಕರುವಿನ ಕತ್ತು ಹಿಂದಕ್ಕೆ ಹೊರಳಿಕೊಂಡಿತ್ತು. ಇನ್ನೊಂದು ಮುಂಗಾಲು ಮಡಚಿಕೊಂಡಿತ್ತು. ಹಸು ತಿಣುಕಿದಾಗಲೆಲ್ಲ ಗಾಣಕ್ಕೆ ಸಿಕ್ಕಂತೆ ಅವಳ ತೋಳು ಹಿಂಡಿಹೋಗುತ್ತಿತ್ತು. ಬೆರಳಿಗೆ ಮೂಗು ಸಿಕ್ಕಿತು, ಆಮೇಲೆ ಬಾಯಿ. ಬಾಯೊಳಗೆ ಬೆರಳು ತೂರಿಸಿ ಕಾದಳು. ಏನೂ ಇಲ್ಲ. ಇನ್ನೊಮ್ಮೆ ನಾಲಿಗೆಯನ್ನು ಒತ್ತಿದಳು. ತೀರ ಮೆಲ್ಲಗೆ, ಕರು ಬೆರಳನ್ನು ಚೀಪಿತು.

“ಜೀವ ಇದೆ” ಎಂದಳು. ಚಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕರುವನ್ನು ಒಳಕ್ಕೆ ತಳ್ಳಿ, ತಲೆ ತಿರುಗಿಸಿ ದಾರಿಗೆ ತರುವಷ್ಟರಲ್ಲಿ ಚಿತ್ರಾಳ ತೋಳು ಮರಗಟ್ಟಿತ್ತು. ಮಗಳು ಜೊತೆಗೆ ಬಂದಿದ್ದಾಳೆನ್ನುವುದೇ ಮರೆತುಹೋಗಿತ್ತು. ಮುಂಗಾಲುಗಳಿಗೆ ಹಗ್ಗ ಬಿಗಿದು ಮಹದೇವಯ್ಯ ಎಳೆದ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿರಲಿಲ್ಲ. ಚಿತ್ರಾ ಮೂಗು ಬಾಯಿಯ ಲೋಳೆ ತೆಗೆಯುತ್ತ, ಒರೆಸಲು ಏನಾದರೂ ಕೊಡಿ ಎಂದಳು. ಯಾರೋ ಗೋಣಿಚೀಲ ತಂದು ಕರುವಿನ ಎದೆಯ ಮೇಲೆ ಹಾಕಿ ಉಜ್ಜತೊಡಗಿದರು. ನೋಡಿದರೆ ದೀಪಿಕ. ಗುಲಾಬಿ ಫ್ರಾಕಿನ ಅಂಚು ಸಗಣಿಯಲ್ಲಿ ಹೊರಳುತ್ತಿತ್ತು. ಚಿತ್ರಾ ಹುಲ್ಲುಕಡ್ಡಿಯೊಂದನ್ನು ಮುರಿದು ಕರುವಿನ ಮೂಗಿನೊಳಗೆ ಆಡಿಸಿದಳು. ಕರು ಸೀನಿತು, ತಲೆ ಕೊಡವಿತು. ಮಹದೇವಯ್ಯ ಗೋಡೆಗೊರಗಿ ಕುಕ್ಕರಿಸಿ, ಹೆಗಲ ಟವಲ್ಲಿನಿಂದ ಮುಖ ಮುಚ್ಚಿಕೊಂಡ.

ಮಗುವಿನ ಹೊಸ ಬಟ್ಟೆ ಯಾಕೆಂದು ವಿಚಾರಿಸಿ, ಹುಟ್ಟುಹಬ್ಬವೆಂದು ತಿಳಿದ ಚಲುವಮ್ಮ ಡಾಕ್ಟರ ಮೇಲೇ ರೇಗಿದಳು. “ಉಟ್ಟಿದ್ ದಿನ ಮಗೀನ ಕೊಟ್ಗೆಗ್ ಕರ್ಕಬಂದಿದ್ದೀರಲ್ಲ ತಾಯಿ. ಒಂಟೋಗಿ ಮೊದ್ಲು, ಮನೇಲಿ ಕಾಯ್ತಾ ಇರ್ತಾರೆ.” ಹಾಗೆನ್ನುತ್ತಲೇ ದೀಪಿಕಳ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಳು.

ಕಾರಿನಲ್ಲಿ ಚಿತ್ರಾ ಫ್ರಾಕು ಹಾಳಾದದ್ದಕ್ಕೆ, ತಡವಾದದ್ದಕ್ಕೆ ಏನೋ ಸಮಾಧಾನ ಹೇಳಹೊರಟಳು. ದೀಪಿಕ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಕರುವಿಗೆ ಚಳಿಯಾಗುವುದಿಲ್ಲವೇ, ರಾತ್ರಿ ಹಾಲು ಕುಡಿಯುತ್ತದೆಯೇ, ಅದಕ್ಕೆ ಏನು ಹೆಸರಿಡುತ್ತಾರೆ ಎಂದು ಮಳವಳ್ಳಿ ಮುಟ್ಟುವವರೆಗೂ ಪೀಡಿಸುತ್ತಿದ್ದಳು.

ಮನೆಯಲ್ಲಿ ಮಕ್ಕಳು ಯಾರೂ ಹೋಗಿರಲಿಲ್ಲ. ಸುದರ್ಶನ್ ಅವರಿಗೆ ಬಲೂನು ಊದಿಕೊಡುತ್ತ ಕೂತಿದ್ದ. ಚಿತ್ರಾ ಹಿತ್ತಲ ನಲ್ಲಿಯಲ್ಲಿ ತೋಳು ತೊಳೆದುಕೊಳ್ಳುತ್ತ, ಈಗ ಹುಟ್ಟುಹಬ್ಬದ ಹಾಡು ಕೇಳಿಸುತ್ತದೆ, ಈಗ ಕೇಳಿಸುತ್ತದೆ ಎಂದುಕೊಂಡಳು. ಹಾಡು ಶುರುವಾಗಲೇ ಇಲ್ಲ. ಹೋಗಿ ನೋಡಿದರೆ ಮಕ್ಕಳೆಲ್ಲ ಕೇಕಿಗೆ ಬೆನ್ನು ಹಾಕಿ ದೀಪಿಕಳ ಎದುರು ನೆಲದ ಮೇಲೆ ಕೂತಿದ್ದರು. ಕೊಳೆಯಾದ ಫ್ರಾಕಿನಲ್ಲೇ ನಿಂತ ಅವಳು, ಅಮ್ಮನ ತೋಳು ಎಲ್ಲಿಯವರೆಗೆ ಒಳಗೆ ಹೋಗಿತ್ತೆಂದು ತನ್ನ ಭುಜ ಮುಟ್ಟಿ ತೋರಿಸುತ್ತ ಕೊಟ್ಟಿಗೆಯ ಕತೆ ಹೇಳುತ್ತಿದ್ದಳು. ಗೋದಮ್ಮ ಬೆಂಕಿಪೊಟ್ಟಣ ಹಿಡಿದು, ಹೊತ್ತಾಯಿತಲ್ಲ, ಮೇಣದಬತ್ತಿ ಹಚ್ಚಲೇ ಎಂಬಂತೆ ಸೊಸೆಯ ಮುಖ ನೋಡಿದರು.

ಚಿತ್ರಾ ಗೋಡೆಗೆ ಒರಗಿ, ಮಕ್ಕಳ ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತಳು.

“ಇರಿ ಅತ್ತೆ” ಎಂದಳು ಮೆಲ್ಲಗೆ. “ಕರು ಇನ್ನೂ ಹುಟ್ಟಿಲ್ಲ.”