ಎರಡು ಕೈಯ ಕೆಲಸ

"ಇದು ಹೊಸಾದು. ಲಾಕ್ ಇಲ್ಲ, ಟ್ರಿಗರ್ ಒತ್ತಿದ್ರ ಆತು. ಇದು ಹಳೇದು, ಲಾಕ್ ಅದ. ಯಾವುದು ಕೊಡ್ಲಿ?" ಜಮಾದಾರ ಅಬ್ದುಲ್ ಕರೀಂ ಎರಡು ಪಿಸ್ತೂಲುಗಳನ್ನು ಮೇಜಿನ ಮೇಲಿಟ್ಟು ಕೇಳಿದ.

ಕಾನ್‌ಸ್ಟೇಬಲ್ ಭೀಮಶಾ ಹಳೆಯದರ ಕಡೆ ಕೈ ಚಾಚಿದ.

"ಗುಂಡು? ನಳಿಗ್ಯಾಗ ಏರಿಸಿ ಇಡ್ತೀಯೋ, ಹಿಡಿಕಿ ಒಳಗಿನ ಮ್ಯಾಗಜೀನ್‌ದಾಗೇ ಇರ್ಲೋ?"

"ಮ್ಯಾಗಜೀನ್‌ದಾಗೇ ಇರ್ಲಿರಿ. ನಳಿಗಿ ಖಾಲಿ ಇರ್ಲಿ."

"ನೋಡಪಾ, ಹಂಗ ಇಟ್ಕೊಂಡ್ರ ಈ ಮ್ಯಾಲಿನ ಸ್ಲೈಡ್ ಹಿಂದಕ್ಕ ಜಗ್ಗಿ ಬಿಟ್ಟ ಮ್ಯಾಲೇ ಗುಂಡು ನಳಿಗಿಗಿ ಏರೋದು. ಅದು ಎರಡು ಕೈ ಕೆಲಸ. ಅಷ್ಟು ಟೈಮ್ ನಿನಗ ಯಾರು ಕೊಡ್ತಾರ?"

"ಪ್ರೇಮಕುಮಾರನ ಕಾಲು ನೆನಪಾಗ್ತದ್ರಿ, ಕರೀಂ ಸಾಬ್ರ."

ಕರೀಂ ಹಳೆಯದನ್ನೇ ಅವನ ಕಡೆ ಸರಿಸಿದ. ಹೋದ ವರ್ಷ ಇದೇ ಠಾಣೆಯ ಪೊಲೀಸ ಪ್ರೇಮಕುಮಾರ ನಳಿಗೆಗೆ ಗುಂಡು ಏರಿಸಿದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜೀಪು ಹತ್ತುವಾಗ ಗುಂಡು ತಾನಾಗಿ ಹಾರಿ, ಅವನ ತೊಡೆಯನ್ನೇ ಸೀಳಿತ್ತು. ಪಕ್ಕದಲ್ಲಿದ್ದ ಭೀಮಶಾ ಆಸ್ಪತ್ರೆ ಮುಟ್ಟುವ ತನಕ ಆ ಗಾಯವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದ. ಅಂದಿನಿಂದ ಅವನಿಗೆ ಕಳ್ಳರಿಗಿಂತ ತನ್ನ ಸೊಂಟದ ಪಿಸ್ತೂಲಿನ ಹೆದರಿಕೆಯೇ ಜಾಸ್ತಿ. ಪೊಲೀಸನಿಗೆ ಇದು ಶೋಭೆಯಲ್ಲ ಎನ್ನುವವರು ಅನ್ನಲಿ. ಹೆದರಿಕೆ ಯೂನಿಫಾರ್ಮು ನೋಡಿ ದೂರ ನಿಲ್ಲುವುದಿಲ್ಲ.

ಇವತ್ತಿನ ಡ್ಯೂಟಿ ಶಕುಂತಲಾಬಾಯಿಯನ್ನು ಬಸವಕಲ್ಯಾಣದ ಕೋರ್ಟಿಗೆ ಮುಟ್ಟಿಸುವುದು. ಹುಲಸೂರಿನಲ್ಲಿ ಆಕೆಯದು ಕಿರಾಣಿ ಅಂಗಡಿ. ಅಂಗಡಿಯ ಮುಂದೆಯೇ ಒಬ್ಬನನ್ನು ಕೊಚ್ಚಿ ಹಾಕಿದ್ದನ್ನು ಕಂಡ ಮೂವರಲ್ಲಿ ಇಬ್ಬರು ಹೆದರಿ ಆಗಲೇ ಸಾಕ್ಷಿ ತಿರುಗಿಸಿದ್ದರು. ಉಳಿದವಳು ಈಕೆ ಒಬ್ಬಳು. ಕೋರ್ಟಿನ ಮೆಟ್ಟಿಲು ಹತ್ತಲು ಬಿಡುವುದಿಲ್ಲ ಎಂದು ಆರೋಪಿಗಳ ಕಡೆಯವರು ಹೇಳಿ ಕಳಿಸಿದ್ದರು. ಹುಮನಾಬಾದಿನ ಮಗಳ ಮನೆಯಲ್ಲಿ ಅಡಗಿದ್ದ ಆಕೆಯನ್ನು ಜೀಪಿನಲ್ಲಿ ಒಯ್ದರೆ ಎಲ್ಲರ ಕಣ್ಣಿಗೆ ಬೀಳುತ್ತದೆಂದು, ಸಾದಾ ಬಟ್ಟೆಯಲ್ಲಿ ಭೀಮಶಾನನ್ನು ಜೊತೆ ಮಾಡಿ ಬಸ್ಸಿಗೆ ಹತ್ತಿಸಿದ್ದರು.

ದಾರಿಯುದ್ದಕ್ಕೂ ಭೀಮಶಾ ಬಸ್ಸು ಹತ್ತಿದವರ ಮುಖ ನೋಡಿದ್ದೇ ನೋಡಿದ್ದು. ಪೇರಲ ಹಣ್ಣಿನ ಬುಟ್ಟಿ ಹೊತ್ತು ಬಂದ ಮುದುಕನೂ ಅವನ ಕಣ್ಣಿಗೆ ಕೊಲೆಗಾರನಂತೆಯೇ ಕಂಡ. ಇಳಿದು ಕೋರ್ಟಿನ ಕಡೆ ನಡೆಯುವಾಗ ಶಕುಂತಲಾಬಾಯಿ ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮುಂದ ಹೋಗಾಕ ಹೆದರಿಕಿ ಆಗ್ತದ್ರಿ ಸಾಹೇಬ್ರ."

"ಇನ್ನೇನು, ಗೇಟ್ ಬಂತವ್ವಾ. ನಡೀರಿ."

ಗೇಟಿನ ಎದುರಿಗೆ ಒಂದು ಬೈಕು ಬಂದು ನಿಂತಿತು. ಹತ್ತು ಹೆಜ್ಜೆಯ ಅಂತರ. ಮುಖಕ್ಕೆ ದಸ್ತಿ ಕಟ್ಟಿದ್ದ ಸವಾರ ಶಕುಂತಲಾಬಾಯಿಯನ್ನೇ ನೋಡುತ್ತ ಅಂಗಿಯೊಳಗೆ ಕೈ ಹಾಕಿದ.

ಭೀಮಶಾನ ಬಲಗೈ ಪಿಸ್ತೂಲು ಹಿರಿಯಿತು. ಹೆಬ್ಬೆರಳಿಗೆ ಲಾಕೂ ತೆರೆಯಿತು. ಆದರೆ ಸ್ಲೈಡ್ ಜಗ್ಗಬೇಕಾದ ಎಡಗೈ ಆಕೆಯ ಹಿಡಿತದಲ್ಲಿತ್ತು. ಬಿಡ್ರಿ ಅನ್ನಲೂ ಪುರಸೊತ್ತಿರಲಿಲ್ಲ. ಕೈ ಕಿತ್ತುಕೊಳ್ಳಲು ಜಗ್ಗಿದ. ಆಕೆ ಇನ್ನಷ್ಟು ಬಿಗಿ ಹಿಡಿದಳು. ಮೈಯಲ್ಲಿದ್ದ ಕಸುವೆಲ್ಲ ಹಾಕಿ ಮತ್ತೊಮ್ಮೆ ಜಗ್ಗಿದ. ಬಳೆ ಮಣಿಕಟ್ಟನ್ನು ಗೀರಿತೇ ಹೊರತು ಕೈ ಬರಲಿಲ್ಲ. ಗುಂಡೇರದ ಕಬ್ಬಿಣವನ್ನು ಎದುರಿಗೆ ಹಿಡಿದು ನಿಂತವನಿಗೆ, ತನ್ನ ಕಥೆ ಮುಗಿಯಿತು, ಈ ಹೆಂಗಸಿನದೂ ಮುಗಿಯಿತು ಅನ್ನಿಸಿತು.

ಸವಾರ ಅಂಗಿಯಿಂದ ಮೊಬೈಲು ತೆಗೆದ. ನಿಧಾನಕ್ಕೆ ಎತ್ತಿ ಹಿಡಿದು ಇಬ್ಬರದೂ ಒಂದು ಫೋಟೊ ಹೊಡೆದುಕೊಂಡ. ಬೈಕು ತಿರುಗಿಸಿ ಹೊರಟುಹೋದ.

ಭೀಮಶಾ ಲಾಕ್ ಹಾಕಿ ಪಿಸ್ತೂಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ನಳಿಗೆಯಲ್ಲಿ ಗುಂಡಿದ್ದಿದ್ದರೆ ಮೊಬೈಲು ಹಿಡಿದವನನ್ನು ತಾನು ಕೊಂದಿರುತ್ತಿದ್ದ. ಆ ಅಂಗಿಯೊಳಗೆ ಮೊಬೈಲಿನ ಬದಲು ಬೇರೆ ಏನಾದರೂ ಇದ್ದಿದ್ದರೆ ಈಗ ಈ ಹೆಂಗಸು ನೆಲದ ಮೇಲಿರುತ್ತಿದ್ದಳು. ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯದೆ ಆಕೆಯನ್ನು ಸರಸರ ಒಳಗೆ ಕರೆದೊಯ್ದ.

ಶಕುಂತಲಾಬಾಯಿ ಒಂದೂವರೆ ತಾಸು ಸಾಕ್ಷಿ ನುಡಿದಳು. ಎಲ್ಲೂ ತಡವರಿಸಲಿಲ್ಲ. ಕಟಕಟೆಯಲ್ಲಿದ್ದ ಇಬ್ಬರು ಆರೋಪಿಗಳ ಕಡೆಗೂ ಬೆರಳು ಮಾಡಿ, ಇವರೇ ಎಂದಳು. ಹೊರಗೆ ಬಂದಾಗ ಸರಕಾರಿ ವಕೀಲ ಏಕನಾಥನಿಗೆ ನಂಬಿಕೆಯೇ ಬರಲೊಲ್ಲದು.

"ನೀವೂ ತಿರುಗ್ತೀರಿ ಅಂತ ನಾ ತಿಳ್ಕೊಂಡಿದ್ದೆನವ್ವಾ. ಇಷ್ಟು ಧೈರ್ಯ ಎಲ್ಲಿಂದ ಬಂತು?"

ಗೋಡೆಗೆ ಒರಗಿ ಎಡಗೈಯ ಗೀರು ಒರೆಸಿಕೊಳ್ಳುತ್ತಿದ್ದ ಭೀಮಶಾನನ್ನು ಆಕೆ ಕಣ್ತುಂಬ ನೋಡಿದಳು.

"ಯಮ ಎದುರಿಗಿ ಬಂದು ನಿಂತ್ರೂ ಈ ಸಾಹೇಬ್ರು ನನ್ನ ಕೈ ಬಿಡ್ಲಿಲ್ರಿ."