ಒಂದು ದಿನದ ಅಧ್ಯಕ್ಷರು

ಗೌರಾದೇವಿ ಮಜ್ಜಿಗೆಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಗಂಡ ವೀರಭದ್ರಯ್ಯ ನಗರರಾಜ್ಯದ ಮೊಹರನ್ನು ಕೊರಳಿಗೆ ನೇತುಹಾಕಿಕೊಂಡು ಸಭೆಯಿಂದ ಬಂದ. ಹಳೆಯ ಗ್ರೀಕರ ಊರಿನಂತೆ ಇಲ್ಲೂ ದಿನಕ್ಕೊಬ್ಬ ಗಂಡಸು ಚೀಟಿ ಎತ್ತಿ ಅಧ್ಯಕ್ಷನಾಗುತ್ತಾನೆ. ಸೂರ್ಯ ಮುಳುಗಿದರೆ ಮಾಜಿಯಾಗುತ್ತಾನೆ. ತರಕಾರಿಯವನನ್ನೂ ‘ಮಾಜಿ ಅಧ್ಯಕ್ಷರೇ’ ಎಂದು ಕರೆಯದಿದ್ದರೆ ಕೊಳೆತ ಬದನೆಕಾಯಿಯೇ ಗತಿ.

“ಏನು ತೀರ್ಮಾನ ಆಯ್ತು?” ಎಂದು ಬಡಿಸುತ್ತಾ ಕೇಳಿದಳು.

“ಹೆರಿಗೆ ಆಸ್ಪತ್ರೆ ಮುಚ್ಚಿ, ಅಲ್ಲಿ ಮಾಜಿ ಅಧ್ಯಕ್ಷರಿಗೆ ವಿಶ್ರಾಂತಿ ಭವನ. ಎಲ್ಲರೂ ಕೈ ಎತ್ತಿದರು.”

“ಎಲ್ಲರೂ ಅಂದರೆ?”

“ಗಂಡಸರು ಕಣೇ. ಸಭೇಲಿ ಇನ್ಯಾರಿರ್ತಾರೆ?”

“ಹೆರಿಗೆಗೆ ಬಂದು ಒಳಗೆ ಮಲಗಿರೋ ನಿಮ್ಮ ಮಗಳಿಗೆ ಎಂಟು ತಿಂಗಳು.”

ವೀರಭದ್ರಯ್ಯ ಅನ್ನ ಕಲಸುತ್ತಾ ತಲೆ ಎತ್ತಿದ. “ಹೌದಲ್ವಾ! ಆದರೂ ಪ್ರಜಾಪ್ರಭುತ್ವದಲ್ಲಿ ಮನೆ ವಿಷಯ ತರಬಾರದು. ಕತ್ತಲಾಗುವ ಮುಂಚೆ ನಾನು ಮೊಹರು ಒತ್ತಬೇಕು. ಇಲ್ಲದಿದ್ದರೆ ತೀರ್ಮಾನ ಬಿದ್ದುಹೋಗುತ್ತೆ, ವರ್ಷದವರೆಗೆ ಮತ್ತೆ ಎತ್ತೋ ಹಾಗಿಲ್ಲ. ಒಂಚೂರು ಮಲಗ್ತೀನಿ, ಬಿಸಿಲು ಇಳಿದ ಕೂಡಲೇ ಎಬ್ಬಿಸು.”

“ಇನ್ನೊಂದು ಸೌಟು ಅನ್ನ ಹಾಕಿಸ್ಕೊಳ್ಳಿ,” ಎಂದಳು ಗೌರಾದೇವಿ. ಅವನು ಹಾಕಿಸಿಕೊಂಡ.

ಬಿಸಿಲು ಇಳಿಯಿತು. ಅಧ್ಯಕ್ಷರ ಗೊರಕೆಯ ಜೊತೆ ಮೊಹರೂ ಹೊಟ್ಟೆಯ ಮೇಲೆ ಏರಿಳಿಯುತ್ತಿತ್ತು. ಸಭೆಯ ಜವಾನ ಗೇಟಿನ ಬಳಿ ನಿಂತು ಕೂಗಿದ, “ಅಮ್ಮಾ, ಸಾಹೇಬರು ಮೊಹರು ಒತ್ತಿದರಾ?”

“ಮೆಲ್ಲಗೆ ಮಾತಾಡಪ್ಪ. ರಾಜ್ಯದ ಬಗ್ಗೆ ಯೋಚನೆ ಮಾಡ್ತಿದ್ದಾರೆ,” ಎಂದು ಅವಳು ಕದ ಮುಂದೆ ಮಾಡಿದಳು.

ಆಮೇಲೆ ಪಡುವಣ ಕಿಟಕಿಯ ಪರದೆ ಎಳೆದು, ಒಳಗೆ ಹೋಗಿ, ಮಗಳ ಊದಿದ ಪಾದಗಳಿಗೆ ಎಣ್ಣೆ ತಿಕ್ಕುತ್ತಾ ಕುಳಿತಳು. ದೀಪ ಹಚ್ಚುವ ಹೊತ್ತಿನವರೆಗೆ ಅವಳು ಅಲ್ಲಿಂದ ಏಳಲೇ ಇಲ್ಲ.